ಪಠ್ಯದ ಒಂದು ಸಾಲಿನ ಹಿಂದೆ: 1830ರ ರೈತ ಕೂಟ ಮತ್ತು ನಮ್ಮ ತರೀಕೆರೆ

ಕಳೆದ ತಿಂಗಳು ದ್ವಿತೀಯ ಪಿಯು ಕಲಾ ವಿಭಾಗದ ತರಗತಿಯಲ್ಲಿ ಮಾತು ಹೇಗೋ ಇಂಡೋನೇಷ್ಯಾದ ಕಡೆ ಹೊರಳಿತು. ಸೇನಾಧಿಕಾರಿಯಾಗಿದ್ದ ಸುಹಾರ್ತೊ ಅಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆಳಿದ್ದು, ಅವರ ಮನೆಯವರು ಮತ್ತು ಆಪ್ತರು ದೇಶದ ಸಂಪತ್ತನ್ನು ಬಾಚಿಕೊಂಡದ್ದು, 1998ರ ಮೇ 12ರಂದು ಜಕಾರ್ತದ ತ್ರಿಸಕ್ತಿ ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು ಗುಂಡಿಗೆ ಬಲಿಯಾದದ್ದು, ಅದಾದ ಒಂಬತ್ತನೇ ದಿನ ಸುಹಾರ್ತೊ ರಾಜೀನಾಮೆ ಕೊಟ್ಟದ್ದು, ಇದನ್ನೆಲ್ಲ ಹೇಳುತ್ತಿದ್ದೆ. ಬಾಂಗ್ಲಾದೇಶದಲ್ಲಿ 1982ರಲ್ಲಿ ಅಧಿಕಾರ ಹಿಡಿದ ಜನರಲ್ ಎರ್ಷಾದ್ 1990ರ ಡಿಸೆಂಬರಿನಲ್ಲಿ ಜನರ ಹೋರಾಟಕ್ಕೆ ಮಣಿದು ಇಳಿದದ್ದನ್ನೂ ಹೇಳಿದೆ. ಅಲ್ಲಿಯೂ ವಿದ್ಯಾರ್ಥಿಗಳೇ ಮುಂದೆ ನಿಂತಿದ್ದರು.

ಆಗ ಅಜ್ಜಂಪುರದ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದಳು: "ಸರ್, ಇದೆಲ್ಲ ಬೇರೆ ದೇಶದ್ದು. ನಮ್ಮ ಕಡೆ ಯಾವತ್ತೂ ಹೀಗೆ ಆಗಿಲ್ವಾ?"

ಹಿಂದಿನ ಬೆಂಚಿನಿಂದ ಒಬ್ಬ "ಎಮರ್ಜೆನ್ಸಿ ಆಗಿತ್ತಲ್ಲ" ಅಂದ. ನಿಜ. 1975ರ ಜೂನ್ 25ರಂದು ಘೋಷಣೆಯಾದ ತುರ್ತು ಪರಿಸ್ಥಿತಿಯಲ್ಲಿ ಪತ್ರಿಕೆಗಳ ಬಾಯಿ ಕಟ್ಟಲಾಯಿತು, ವಿಚಾರಣೆಯಿಲ್ಲದೆ ಜನರನ್ನು ಜೈಲಿಗೆ ಹಾಕಲಾಯಿತು. ಬೆಂಗಳೂರು ಜೈಲಿನಲ್ಲಿ ಬಳಲಿದ ನಟಿ ಸ್ನೇಹಲತಾ ರೆಡ್ಡಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಆದರೆ ಅದು ಸೇನೆಯ ಆಳ್ವಿಕೆ ಆಗಿರಲಿಲ್ಲ. ಹುಡುಗಿಯ ಪ್ರಶ್ನೆಗೆ ಉತ್ತರ ಬೇಕಿದ್ದರೆ ಇನ್ನೂ ಹಿಂದಕ್ಕೆ, ಇನ್ನೂ ಹತ್ತಿರಕ್ಕೆ ಹೋಗಬೇಕು ಅಂದೆ. ಅಷ್ಟರಲ್ಲಿ ಬೆಲ್ ಹೊಡೆಯಿತು. ಅಂದು ಉಳಿದ ಉತ್ತರವನ್ನು ಇಲ್ಲಿ ಬರೆದಿದ್ದೇನೆ.

ಪಠ್ಯದಲ್ಲಿ ಇರುವುದು ಎಷ್ಟು?

ನಿಮ್ಮ ಇತಿಹಾಸ ಪಠ್ಯದಲ್ಲಿ ಕಮಿಷನರುಗಳ ಆಳ್ವಿಕೆ ಎಂಬ ಪಾಠ ಬರುತ್ತದೆ. 1831ರಿಂದ 1881ರವರೆಗೆ ಮೈಸೂರನ್ನು ಬ್ರಿಟಿಷ್ ಕಮಿಷನರುಗಳು ಆಳಿದರು ಎಂದು ಓದುತ್ತೀರಿ. ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತ ಕಿತ್ತುಕೊಳ್ಳಲು ಕಾರಣವೇನು ಎಂಬ ಪ್ರಶ್ನೆಗೆ "ನಗರದ ದಂಗೆ" ಎಂದು ಒಂದು ಸಾಲು ಬರೆದು ಅಂಕ ತೆಗೆದುಕೊಳ್ಳುತ್ತೀರಿ. ನಾನೂ ಹಾಗೇ ಬರೆದು ಪಾಸಾದವನು.

ಆ ದಂಗೆ ನಡೆದ ನೆಲ ಯಾವುದು ಎಂದು ನಾನು ನಿಜವಾಗಿ ತಿಳಿದುಕೊಂಡದ್ದು ಪಾಠ ಹೇಳಲು ಶುರುಮಾಡಿದ ಮೇಲೆ. ನಗರ ಎಂದರೆ ಹೊಸನಗರ ತಾಲ್ಲೂಕಿನ ಹಳೆಯ ಬಿದನೂರು. ಕೆಳದಿ ಅರಸರ ರಾಜಧಾನಿಯಾಗಿದ್ದ ಆ ಊರನ್ನು 1763ರಲ್ಲಿ ಹೈದರಾಲಿ ಗೆದ್ದು ಹೈದರನಗರ ಎಂದು ಕರೆದ. ಮುಂದೆ ಅದು ಬರೀ ನಗರ ಆಯಿತು. ಆದರೆ ದಂಗೆ ಆ ಊರಿನಲ್ಲೇ ಉಳಿಯಲಿಲ್ಲ. ಶಿವಮೊಗ್ಗ, ಹೊಳೆಹೊನ್ನೂರು, ಚನ್ನಗಿರಿಗಳ ಕಡೆ ಹರಡಿತು. ತರೀಕೆರೆಯ ಪಾಳೆಯಗಾರ ಮನೆತನ ಅದರ ನಡುವೆಯೇ ಇತ್ತು.

ಫೌಜುದಾರ, ಅಮಲ್ದಾರ, ರೈತ

ಮೊದಲು ಮೂರು ಪದ. ನಿಮ್ಮಲ್ಲಿ ಮನೆಯಲ್ಲಿ ಉರ್ದು ಮಾತಾಡುವವರಿಗೆ ಇವು ಬೇಗ ಅರ್ಥವಾಗುತ್ತವೆ. ಫೌಜ್ ಎಂದರೆ ಸೇನೆ. ಫೌಜುದಾರ ಎಂದರೆ ಮೂಲದಲ್ಲಿ ಸೇನೆಯನ್ನು ಇಟ್ಟುಕೊಂಡವನು. ಆಗಿನ ಮೈಸೂರಿನಲ್ಲಿ ಅವನು ಈಗಿನ ಒಂದು ಜಿಲ್ಲೆಗಿಂತ ದೊಡ್ಡದಾದ ಸೀಮೆಯ ಮುಖ್ಯಾಧಿಕಾರಿ. ಅವನ ಕೆಳಗೆ ತಾಲ್ಲೂಕು ನೋಡಿಕೊಳ್ಳುವ ಅಮಲ್ದಾರ. ಅಮಲು ಎಂದರೆ ಅಧಿಕಾರ, ಜಾರಿ. ಇನ್ನು ರೈತ ಎಂಬ ಪದ ರಯ್ಯತ್ ಎಂಬುದರಿಂದ ಬಂದದ್ದು. ಅದರ ಮೂಲ ಅರ್ಥ ಬೇಸಾಯ ಮಾಡುವವನು ಎಂದಲ್ಲ, ಆಳಿಸಿಕೊಳ್ಳುವವನು, ಪ್ರಜೆ ಎಂದು. ಪದಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದರೆ ಆಗಿನ ಆಡಳಿತದ ಏಣಿಯೇ ಕಾಣುತ್ತದೆ. ಮೇಲೆ ಸೇನೆ, ನಡುವೆ ಅಧಿಕಾರ, ಕೆಳಗೆ ಆಳಿಸಿಕೊಳ್ಳುವವನು.

ನಾಲ್ಕನೆಯ ಪದ ಷರತ್ತು. ಇಡೀ ಕಥೆಯ ಬೀಜ ಇರುವುದು ಇದರಲ್ಲಿ.

ಅಮಲ್ದಾರಿಕೆ ಬೇಕಾದವನು ಸರ್ಕಾರಕ್ಕೆ ಒಂದು ಮುಚ್ಚಳಿಕೆ ಬರೆದುಕೊಡಬೇಕಾಗಿತ್ತು. ಈ ವರ್ಷ ನನ್ನ ತಾಲ್ಲೂಕಿನಿಂದ ಇಷ್ಟು ಹಣ ಕಟ್ಟುತ್ತೇನೆ, ಕಡಿಮೆ ಬಿದ್ದರೆ ನನ್ನ ಕೈಯಿಂದ ತುಂಬುತ್ತೇನೆ, ಹೆಚ್ಚು ಬಂದರೆ ಅದನ್ನೂ ಸರ್ಕಾರಕ್ಕೇ ಕೊಡುತ್ತೇನೆ ಎಂದು. ಒಪ್ಪಿಕೊಂಡ ಮೊತ್ತ ಸಾಮಾನ್ಯವಾಗಿ ಹಿಂದಿನ ವರ್ಷದ್ದಕ್ಕಿಂತ ಹೆಚ್ಚೇ ಇರುತ್ತಿತ್ತು. ರೈತರನ್ನು ಪೀಡಿಸುವುದಿಲ್ಲ, ಹೊಸ ತೆರಿಗೆ ಹಾಕುವುದಿಲ್ಲ ಎಂಬ ಮಾತೂ ಅದೇ ಮುಚ್ಚಳಿಕೆಯಲ್ಲಿ ಇರುತ್ತಿತ್ತು. ಅದು ಬರೆಯುವುದಕ್ಕೆ ಮಾತ್ರ. ಹೆಚ್ಚು ಕೊಡುತ್ತೇನೆ ಎಂದವನಿಗೆ ಹುದ್ದೆ ಸಿಗುತ್ತಿತ್ತು. ಹಾಗೆ ಹುದ್ದೆ ಹಿಡಿದವನು ಅದನ್ನು ಎಲ್ಲಿಂದ ತುಂಬುತ್ತಾನೆ?

ಇದನ್ನು ಓದಿದಾಗ ನನಗೆ ನಮ್ಮಪ್ಪ ನೆನಪಾಗುತ್ತಾರೆ. ನಾನು ಹೈಸ್ಕೂಲಿನಲ್ಲಿದ್ದಾಗ ಪಹಣಿಯಲ್ಲಿ ತಪ್ಪಾಗಿ ಬಿದ್ದಿದ್ದ ಹೆಸರನ್ನು ತಿದ್ದಿಸಲು ಅವರು ಒಂದು ಕಚೇರಿಗೆ ಏಳು ಸಲ ಅಲೆದರು. ಎಂಟನೇ ಸಲ ಜೇಬಿನಲ್ಲಿ ಹಣ ಇಟ್ಟುಕೊಂಡು ಹೋದರು. ಅವತ್ತೇ ಕೆಲಸ ಆಯಿತು. ಮನೆಗೆ ಬಂದು ಯಾರ ಮೇಲೂ ರೇಗಲಿಲ್ಲ. "ಅವನೂ ಯಾರಿಗೋ ಕೊಟ್ಟು ಬಂದಿರ್ತಾನೆ ಕಣೋ" ಅಂದರು, ಅಷ್ಟೆ. ಕಂದಾಯದ ರಸೀದಿಗಳನ್ನೆಲ್ಲ ಒಂದು ತಗಡಿನ ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ಆ ದಿನ ಕೊಟ್ಟ ಹಣಕ್ಕೆ ಮಾತ್ರ ರಸೀದಿ ಇರಲಿಲ್ಲ. ಷರತ್ತಿನ ಪದ್ಧತಿ ಎಂದರೆ ಏನು ಎಂದು ನನಗೆ ಅರ್ಥವಾದದ್ದು ಆ ಮಾತಿನಿಂದ. ಲಂಚ ಅಲ್ಲಿ ಒಬ್ಬ ಕೆಟ್ಟ ಮನುಷ್ಯನ ಗುಣವಾಗಿರಲಿಲ್ಲ, ಹುದ್ದೆಯ ಒಳಗೇ ಸೇರಿಹೋಗಿತ್ತು.

ಕೈ ಬೀಸಿ ನಡೆದರೂ ದಂಡ

ಭೂಮಿಯ ಕಂದಾಯ ಒಂದೇ ಆಗಿದ್ದರೆ ಹೇಗೋ ಆಗುತ್ತಿತ್ತು. ಅದರ ಜೊತೆಗೆ ಸಾಯರ್ ಎಂಬ ಹೆಸರಿನಲ್ಲಿ ಸುಂಕಗಳ ಒಂದು ಕಾಡೇ ಇತ್ತು. ಮದುವೆಗೆ ತೆರಿಗೆ, ಮಗು ಹುಟ್ಟಿದ್ದಕ್ಕೆ ತೆರಿಗೆ, ಹೆಸರಿಟ್ಟದ್ದಕ್ಕೆ ತೆರಿಗೆ, ತಲೆಗೂದಲು ತೆಗೆಸಿದ್ದಕ್ಕೂ ತೆರಿಗೆ. ಒಂದು ಹಳ್ಳಿಯವರು, ತಮ್ಮ ಪೂರ್ವಿಕರು ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ಹುಡುಕಿಕೊಡಲಿಲ್ಲ ಎಂಬ ಕಾರಣಕ್ಕೆ ತೆರಿಗೆ ಕಟ್ಟುತ್ತಿದ್ದರು. ನಗರದ ಸೀಮೆಯಲ್ಲಿ ಒಂದು ಜಾಗವಿತ್ತು. ಅಲ್ಲಿ ಕೈಗಳನ್ನು ಮೈಗೆ ಅಂಟಿಸಿಕೊಳ್ಳದೆ ನಡೆದವರು ದಂಡ ಕಟ್ಟಬೇಕಿತ್ತು. ಮುಂದೆ ಕಬ್ಬನ್ ಸಾಹೇಬರ ಕಾಲದಲ್ಲಿ ಇಂಥ ಸಣ್ಣಪುಟ್ಟ ತೆರಿಗೆಗಳನ್ನು ರದ್ದುಮಾಡಿದಾಗ ಲೆಕ್ಕಕ್ಕೆ ಸಿಕ್ಕಿದ್ದು 769.

ತರಗತಿಯಲ್ಲಿ ಈ ಪಟ್ಟಿ ಓದಿದರೆ ಎಲ್ಲರೂ ನಗುತ್ತೀರಿ. ಆದರೆ ಈ ಸುಂಕಗಳನ್ನು ವಸೂಲು ಮಾಡುವ ಹಕ್ಕು ಹರಾಜಾಗುತ್ತಿತ್ತು. ಹರಾಜು ಹಿಡಿದವನ ಆಳು ನಿಮ್ಮ ಮನೆಯ ಬಾಗಿಲಿಗೆ ಬಂದು ನಿಂತರೆ, ಯಾವ ತೆರಿಗೆ ನಿಜ, ಯಾವುದು ಅವನೇ ಹುಟ್ಟಿಸಿದ್ದು ಎಂದು ಕೇಳುವ ಜಾಗ ನಿಮಗೆ ಇರಲಿಲ್ಲ.

ರಾಜನ ಹಿಂದೆ ನಿಂತ ಸೇನೆ

ಇಷ್ಟೆಲ್ಲ ಹಿಂಡುವ ಅಗತ್ಯ ಯಾಕೆ ಬಂತು? ರಾಜರ ದುಂದು ಎಂದು ಇಂಗ್ಲಿಷ್ ಅಧಿಕಾರಿಗಳು ಬರೆದರು. ಅದರಲ್ಲಿ ನಿಜ ಇಲ್ಲದಿಲ್ಲ. ದಿವಾನ್ ಪೂರ್ಣಯ್ಯನವರು 1811ರ ಹೊತ್ತಿಗೆ ಅಧಿಕಾರ ಬಿಟ್ಟುಕೊಟ್ಟಾಗ ತುಂಬಿದ್ದ ಬೊಕ್ಕಸ ಮುಂದಿನ ವರ್ಷಗಳಲ್ಲಿ ಬರಿದಾಯಿತು. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1825ರಲ್ಲಿ ಸ್ವತಃ ಮೈಸೂರಿಗೆ ಬಂದು ಎಚ್ಚರಿಸಿ ಹೋದ.

ಆದರೆ ಇಂಗ್ಲಿಷರು ಕಡಿಮೆ ಹೇಳಿದ ಇನ್ನೊಂದು ಅರ್ಧ ಇದೆ. 1799ರಲ್ಲಿ ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಲ್ಲಿ ಮಡಿದ ಮೇಲೆ ಕಂಪನಿ ಐದು ವರ್ಷದ ಹುಡುಗನನ್ನು ಸಿಂಹಾಸನದ ಮೇಲೆ ಕೂರಿಸಿತು. ಜೊತೆಗೇ ಒಂದು ಒಪ್ಪಂದ. ಮೈಸೂರನ್ನು ಕಂಪನಿಯ ಸೇನೆ ಕಾಯುತ್ತದೆ. ಅದಕ್ಕಾಗಿ ಮೈಸೂರು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡಾ, ಅಂದರೆ ಸುಮಾರು 24.5 ಲಕ್ಷ ರೂಪಾಯಿ ಕೊಡಬೇಕು. ಮಳೆ ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ. ಇದರ ಮೇಲೆ ಕಂಪನಿಯ ಯುದ್ಧಗಳಿಗೆಂದು ಕುದುರೆ ಸವಾರರ ಪಡೆಯನ್ನೂ ಸಾಕಬೇಕು. ಕಡೂರಿನ ಬಯಲಿನಲ್ಲಿ ಮಳೆ ಕೈಕೊಟ್ಟರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಫಸಲು ಕಡಿಮೆಯಾದ ವರ್ಷವೂ ಕಂಪನಿಯ ಕಂತು ಕಡಿಮೆಯಾಗುತ್ತಿರಲಿಲ್ಲ. ಕಂಪನಿ ರಾಜರನ್ನು ಕೇಳುತ್ತಿತ್ತು, ರಾಜರು ಫೌಜುದಾರನನ್ನು, ಅವನು ಅಮಲ್ದಾರನನ್ನು, ಅವನು ರೈತನನ್ನು. ರೈತನಿಗೆ ಕೇಳಲು ಕೆಳಗೆ ಯಾರೂ ಇರಲಿಲ್ಲ.

ಸೇನೆ ಎಂದರೆ ಆಗ ನಮ್ಮ ಕಡೆಗೆ ದೂರದ ಮಾತೂ ಆಗಿರಲಿಲ್ಲ. ಅಜ್ಜಂಪುರದಲ್ಲಿ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರವನ್ನು ನೀವೆಲ್ಲ ನೋಡಿದ್ದೀರಿ. ಆ ತಳಿಯ ಎತ್ತುಗಳು ಹೆಸರು ಮಾಡಿದ್ದು ಉಳುಮೆಗಿಂತ ಹೆಚ್ಚಾಗಿ ಫಿರಂಗಿ ಎಳೆಯುವುದರಲ್ಲಿ. ಮೊದಲು ಹೈದರ್ ಮತ್ತು ಟಿಪ್ಪುವಿನ ಸೈನ್ಯಕ್ಕೆ, ಆಮೇಲೆ ಕಂಪನಿಯ ಸೈನ್ಯಕ್ಕೆ ಅವು ದುಡಿದವು.

ಈ ಒಪ್ಪಂದದ ದೊಡ್ಡ ಕೆಡುಕು ಹಣವಲ್ಲ ಎಂಬುದು ನನ್ನ ಅಭಿಪ್ರಾಯ. ಹಿಂದಿನ ಅರಸನಿಗೆ ಒಂದು ಭಯ ಇರುತ್ತಿತ್ತು. ಜನ ತೀರಾ ನೊಂದರೆ ಊರು ಬಿಟ್ಟು ಪಕ್ಕದ ಸೀಮೆಗೆ ಹೋಗುತ್ತಾರೆ, ಪಾಳೆಯಗಾರ ತಿರುಗಿ ಬೀಳುತ್ತಾನೆ, ತನ್ನ ಗದ್ದುಗೆ ಅಲುಗಾಡುತ್ತದೆ ಎಂಬ ಭಯ. ಸಿಂಹಾಸನದ ಹಿಂದೆ ಕಂಪನಿಯ ಸೇನೆ ನಿಂತ ಮೇಲೆ ಆ ಭಯ ಹೋಯಿತು. ಆಳುವವನು ಜನರ ಒಪ್ಪಿಗೆಯ ಬದಲು ಬಂದೂಕನ್ನು ನಂಬಿ ಕೂತಾಗ ಅವನ ಕಿವಿ ಮಂದವಾಗುತ್ತದೆ. ಸೇನಾಡಳಿತದ ಗುಟ್ಟು ಇದೇ. ಸಮವಸ್ತ್ರ ತೊಟ್ಟವನೇ ಗದ್ದುಗೆಯ ಮೇಲೆ ಕೂರಬೇಕೆಂದೇನಿಲ್ಲ, ಹಿಂದೆ ನಿಂತರೂ ಸಾಕು.

ಕೂಟ

ನಗರದ ಫೌಜುದಾರಿಕೆ ಬಹಳ ಕಾಲ ಒಂದೇ ಬಳಗದ ಕೈಯಲ್ಲಿತ್ತು. 1828ರಲ್ಲಿ ವೀರರಾಜ ಅರಸು ಎಂಬವರು ಹೊಸ ಫೌಜುದಾರರಾಗಿ ಬಂದರು. ಹಳೆಯ ಲೆಕ್ಕ ತೆಗೆದು ನೋಡಿದರೆ, ರೈತರಿಗೆ ಮಾಫಿ ಕೊಟ್ಟಿದ್ದೇವೆ ಎಂದು ಬರೆದಿದ್ದ ಹಣದಲ್ಲಿ ಮೋಸ ಕಂಡಿತು. ತಪ್ಪು ಹಿಡಿದದ್ದು ಒಳ್ಳೆಯದೇ. ಆದರೆ ಆ ಬಾಕಿಯನ್ನು ಮತ್ತೆ ರೈತರಿಂದಲೇ ವಸೂಲು ಮಾಡಲು ಹೊರಟರು. ತಿಂದವರು ಅಧಿಕಾರಿಗಳು, ಕಟ್ಟಬೇಕಾದವರು ರೈತರು. ಹುದ್ದೆ ಕಳೆದುಕೊಂಡ ಹಳೆಯ ಬಳಗವೂ ಸುಮ್ಮನಿರದೆ ಜನರ ಸಿಟ್ಟಿಗೆ ಗಾಳಿ ಹಾಕಿತು.

1830ರಲ್ಲಿ ರೈತರು ಕೂಟ ಕಟ್ಟಿದರು. ಕೂಟ ಎಂದರೆ ಊರವರು ಒಂದು ಕಡೆ ಸೇರುವುದು. ಕಂದಾಯ ಕೊಡುವುದನ್ನು ನಿಲ್ಲಿಸುವುದು, ಪಕ್ಕದ ಸೀಮೆಗೆ ಪತ್ರ ಕಳಿಸಿ ನೀವೂ ಬನ್ನಿ ಎಂದು ಕರೆಯುವುದು, ಎಲ್ಲರೂ ಸೇರಿ ತಮ್ಮ ಕಷ್ಟ ಹೇಳಿಕೊಳ್ಳುವುದು. ಇದು ನಮ್ಮ ಕಡೆಯ ಹಳೆಯ ರೂಢಿ. ಘಟ್ಟದ ಕೆಳಗಿನ ಕೆನರಾದಲ್ಲೂ 1830-31ರಲ್ಲಿ ಇದೇ ಹೆಸರಿನ ಕೂಟಗಳು ಸೇರಿ ಕಂದಾಯ ನಿಲ್ಲಿಸಿದವು. ಅಲ್ಲಿ ರಾಜನಿರಲಿಲ್ಲ, ನೇರವಾಗಿ ಕಂಪನಿಯದೇ ಆಡಳಿತ. ಹಾಗಾಗಿ ರಾಜರು ಕೆಟ್ಟವರು, ಕಂಪನಿ ಒಳ್ಳೆಯದು ಎಂದು ಈ ಕಥೆಯನ್ನು ಓದಲು ಬರುವುದಿಲ್ಲ.

ಕೂಟ ಸೇರಿದವರು ಮೊದಲಿಗೆ ಯಾರನ್ನೂ ಗದ್ದುಗೆಯಿಂದ ಇಳಿಸಿ ಎಂದು ಕೇಳಲಿಲ್ಲ. ನಮ್ಮ ಮಾತು ಕೇಳಿ ಎಂದರು. ಸಿಕ್ಕ ಉತ್ತರ ಸೈನ್ಯ. ಹೊಳೆಹೊನ್ನೂರಿನಲ್ಲಿ ಸೇರಿದ್ದ ರೈತರ ಮೇಲೆ ರಾಜರ ಪಡೆ ಬಿತ್ತು, ಜನ ಸತ್ತರು. ಹಿಡಿದವರಲ್ಲಿ ಕೆಲವರಿಗೆ ಗಲ್ಲು, ಕೆಲವರಿಗೆ ಛಡಿಯೇಟು. ಅಲ್ಲಿಂದ ಮುಂದೆ ಅದು ಅಹವಾಲಿನ ಕೂಟವಾಗಿ ಉಳಿಯಲಿಲ್ಲ.

ಬೂದಿ ಬಸವಪ್ಪ ಮತ್ತು ತರೀಕೆರೆಯ ನಾಯಕರು

ಜನರ ಸಿಟ್ಟು ದಾರಿ ಕಾಣದೆ ನಿಂತಾಗ ಅದನ್ನು ಬಳಸಿಕೊಳ್ಳುವವರು ಬರುತ್ತಾರೆ. ಹೊನ್ನಾಳಿ ಸೀಮೆಯ ಸಾಮಾನ್ಯ ಮನೆತನದಲ್ಲಿ ಹುಟ್ಟಿದ ಸಾದರಮಲ್ಲ ಎಂಬವನು ಜಂಗಮ ವೇಷದಲ್ಲಿ ಊರೂರು ಸುತ್ತಿದವನು, ಹಿಂದೆ ಜೈಲು ಕಂಡವನು. ಹಳೆಯ ನಗರದ ಅರಸರ ಮುದ್ರೆಗಳನ್ನು ಸಂಪಾದಿಸಿ, ತಾನೇ ಆ ವಂಶದ ವಾರಸುದಾರ ಎಂದು ಹೇಳಿಕೊಂಡ. ಇತಿಹಾಸದಲ್ಲಿ ಅವನ ಹೆಸರು ಬೂದಿ ಬಸವಪ್ಪ. ಅವನು ಕೊಟ್ಟ ಭರವಸೆ ಕೇಳಿ: ಹಳೆಯ ಬಾಕಿ ಪೂರ್ತಿ ಮಾಫಿ, ಇನ್ನು ಮುಂದೆ ಒಂದು ವರಾಹ ಕಟ್ಟುತ್ತಿದ್ದ ಕಡೆ ಒಂದೇ ರೂಪಾಯಿ. ವರಾಹ ಎಂದರೆ ಸುಮಾರು ಮೂರು ರೂಪಾಯಿ. ಕಂದಾಯ ಮೂರನೇ ಒಂದು ಭಾಗಕ್ಕೆ ಇಳಿದಂತೆ. ಅವನು ನಿಜವಾದ ಅರಸು ಮಗನೋ ಅಲ್ಲವೋ ಎಂದು ರೈತ ಯಾಕೆ ತಲೆಕೆಡಿಸಿಕೊಳ್ಳುತ್ತಾನೆ?

ಇನ್ನೊಂದು ಕಡೆ ತರೀಕೆರೆ. ಬಸವಾಪಟ್ಟಣ, ಸಂತೆಬೆನ್ನೂರುಗಳಲ್ಲಿ ಆಳಿ ಕೊನೆಗೆ ತರೀಕೆರೆಯಲ್ಲಿ ನೆಲೆಯೂರಿದ ನಾಯಕ ಮನೆತನ ಹೈದರನ ಕಾಲದಲ್ಲಿ ತನ್ನ ರಾಜ್ಯ ಕಳೆದುಕೊಂಡಿತ್ತು. ದಂಗೆ ಶುರುವಾಗುತ್ತಲೇ ಆ ಮನೆತನದ ರಂಗಪ್ಪ ನಾಯಕ ಮತ್ತು ಸರ್ಜಾ ಹನುಮಪ್ಪ ನಾಯಕ ಬಂಡಾಯಗಾರರ ಜೊತೆ ಸೇರಿದರು. ತರೀಕೆರೆ ಸೀಮೆಯ ಬೆಟ್ಟದ ಕೋಟೆಗಳಾದ ಕಲ್ದುರ್ಗ, ಕಾಮನದುರ್ಗಗಳು ಅವರ ಕೈಸೇರಿದವು. ನಮ್ಮಲ್ಲಿ ಹಲವರು ದಿನಾ ಕಾಲೇಜಿಗೆ ಬರುವಾಗ ಕಾಣುವ ಆ ಬೆಟ್ಟಸಾಲಿನಲ್ಲಿ ಎರಡು ಶತಮಾನದ ಹಿಂದೆ ಹೀಗೆ ತೋಪು ಬಂದೂಕುಗಳ ಸದ್ದು ಕೇಳಿತ್ತು.

ಇಲ್ಲಿ ಒಂದು ಮಾತನ್ನು ಬಿಡಿಸಿ ನೋಡಬೇಕು. ದಂಗೆ ಒಂದೇ ಆದರೂ ಸೇರಿದವರ ಆಸೆ ಒಂದೇ ಆಗಿರಲಿಲ್ಲ. ರೈತನಿಗೆ ಕಂದಾಯ ಇಳಿಯಬೇಕಿತ್ತು, ತನ್ನ ಮಾತು ಕೇಳುವವರು ಬೇಕಿತ್ತು. ಬೂದಿ ಬಸವಪ್ಪನಿಗೆ ಪಟ್ಟ ಬೇಕಿತ್ತು. ನಾಯಕರಿಗೆ ಕಳೆದುಹೋದ ಸೀಮೆ ವಾಪಸು ಬೇಕಿತ್ತು. ಹುದ್ದೆ ಹೋದ ಅಧಿಕಾರಿಗಳಿಗೆ ಹುದ್ದೆ ಬೇಕಿತ್ತು. ಪರೀಕ್ಷೆಯಲ್ಲಿ "ದಂಗೆಯ ಕಾರಣಗಳನ್ನು ವಿವರಿಸಿ" ಎಂದು ಬಂದರೆ ಈ ನಾಲ್ಕನ್ನೂ ಬೇರೆಬೇರೆಯಾಗಿ ಬರೆಯಿರಿ. ಇಂದು ಯಾವುದೇ ಹೋರಾಟದ ಸುದ್ದಿ ಓದುವಾಗಲೂ ಈ ಅಭ್ಯಾಸ ಉಪಯೋಗಕ್ಕೆ ಬರುತ್ತದೆ.

ಗೆದ್ದವರು ಯಾರು?

ರಾಜರ ಸೈನಿಕರಿಗೆ ಸಂಬಳವೇ ಬಾಕಿ ಇತ್ತು. ನಗರದ ಕಡೆ ಹೋದ ಅವರ ಪಡೆ ಆನಂದಪುರದಲ್ಲಿ ಸಿಕ್ಕಿಹಾಕಿಕೊಂಡು ಹಿಂದೆ ಸರಿಯಬೇಕಾಯಿತು. ಕೊನೆಗೆ ಕಂಪನಿಯ ಸೇನೆ ಬಂತು. ಕರ್ನಲ್ ಇವಾನ್ಸ್ ಪಡೆ 1831ರ ಜೂನ್ 12ರಂದು ನಗರವನ್ನು ಹಿಡಿಯಿತು. ದಂಗೆಯ ಬೆನ್ನು ಮುರಿಯಿತು. ಸರ್ಜಾ ಹನುಮಪ್ಪ ನಾಯಕ ಮಾತ್ರ ಇನ್ನೂ ಕೆಲ ಕಾಲ ಸಿಗದೆ ಓಡಾಡಿದ. 1834ರಲ್ಲಿ ಸಿಕ್ಕಿಬಿದ್ದ, ಗಲ್ಲಿಗೇರಿಸಿದರು.

ಆದರೆ ದಂಗೆಯನ್ನು ಅಡಗಿಸಿಕೊಂಡ ರಾಜರು ಗೆದ್ದರೇ? ಇಲ್ಲ. ಗವರ್ನರ್ ಜನರಲ್ ಬೆಂಟಿಂಕ್ 1831ರ ಸೆಪ್ಟೆಂಬರ್ 7ರಂದು ಪತ್ರ ಬರೆದು, ನಿಮ್ಮಿಂದ ಆಡಳಿತ ನಡೆಯುತ್ತಿಲ್ಲ, ಅದನ್ನು ನಾವೇ ವಹಿಸಿಕೊಳ್ಳುತ್ತೇವೆ ಎಂದ. ಅಕ್ಟೋಬರ್ 19ರಂದು ಮುಮ್ಮಡಿಯವರು ತಂಟೆಯಿಲ್ಲದೆ ಅಧಿಕಾರ ಬಿಟ್ಟುಕೊಟ್ಟರು. ಅವರಿಗೆ ವರ್ಷಕ್ಕೆ 1 ಲಕ್ಷ ಸ್ಟಾರ್ ಪಗೋಡಾ ಮತ್ತು ನಿವ್ವಳ ಆದಾಯದ ಐದನೇ ಒಂದು ಪಾಲು ಎಂದು ಗೊತ್ತಾಯಿತು. ಆಮೇಲೆ ಅವರು ವಿದ್ಯೆ, ಸಾಹಿತ್ಯ, ಸಂಗೀತಗಳಿಗೆ ಆಸರೆಯಾಗಿ ಒಳ್ಳೆಯ ಹೆಸರು ಪಡೆದರು. ರಾಜ್ಯ ವಾಪಸು ಕೊಡಿ ಎಂದು 1868ರಲ್ಲಿ ತೀರಿಕೊಳ್ಳುವವರೆಗೂ ಅರ್ಜಿ ಹಾಕುತ್ತಲೇ ಇದ್ದರು. ರೈತರ ಅರ್ಜಿಗೆ ಸೈನ್ಯ ಕಳಿಸಿದ ದೊರೆ ಮುಂದೆ ತಾವೇ ಅರ್ಜಿದಾರರಾದರು.

ಕಂಪನಿ ತನಿಖೆಗೆ ಒಂದು ಸಮಿತಿ ಮಾಡಿತು. ಹಾಕರ್, ಮಾರಿಸನ್, ಮ್ಯಾಕ್ಲಿಯಾಡ್, ಕಬ್ಬನ್ ಎಂಬ ನಾಲ್ವರು. ಅವರಲ್ಲಿ ಮೂವರು ಸೇನಾಧಿಕಾರಿಗಳು. 1833ರ ಡಿಸೆಂಬರಿನಲ್ಲಿ ವರದಿ ಬಂತು. ಷರತ್ತಿನ ಪದ್ಧತಿ, ಹುದ್ದೆಗಳ ಮಾರಾಟ, ಕೇಳುವವರಿಲ್ಲದ ಆಡಳಿತ ಎಲ್ಲವೂ ಅದರಲ್ಲಿ ದಾಖಲಾದವು. ನಾವು ಇಂದು ಈ ಕಥೆಯನ್ನು ತಿಳಿದಿರುವುದು ಬಹುಪಾಲು ಆ ವರದಿಯಿಂದಲೇ. ಆದರೆ ರಾಜ್ಯ ತೆಗೆದುಕೊಂಡದ್ದು 1831ರಲ್ಲಿ, ತನಿಖೆ ಮುಗಿದದ್ದು 1833ರಲ್ಲಿ. ಮೊದಲು ಶಿಕ್ಷೆ, ಆಮೇಲೆ ವಿಚಾರಣೆ. ತಾನು ಮಾಡಿದ್ದು ಪೂರ್ತಿ ಸರಿಯಲ್ಲ ಎಂಬ ಸಂಶಯ 1834ರ ಹೊತ್ತಿಗೆ ಸ್ವತಃ ಬೆಂಟಿಂಕನಿಗೇ ಬಂದಿತ್ತು.

ಸಮವಸ್ತ್ರದ ಆಡಳಿತ

ಈಗ ಹುಡುಗಿಯ ಪ್ರಶ್ನೆಗೆ ನೇರ ಉತ್ತರ. ನಮ್ಮ ಸೀಮೆ ಸೇನೆಯ ಆಳ್ವಿಕೆಯನ್ನು ಕಂಡಿದೆ. ಹಿರಿಯ ಕಮಿಷನರ್ ಆಗಿ ಮೊದಲು ಬಂದ ಬ್ರಿಗ್ಸ್ ಸೇನಾಧಿಕಾರಿ. 1834ರಿಂದ 1861ರವರೆಗೆ, ಅಂದರೆ 27 ವರ್ಷ, ಒಬ್ಬರೇ ಕಮಿಷನರ್ ಆಗಿ ಆಳಿದ ಮಾರ್ಕ್ ಕಬ್ಬನ್ ಸೇನಾಧಿಕಾರಿ. ಅವರ ಕೆಳಗಿನ ಮುಖ್ಯ ಅಧಿಕಾರಿಗಳಲ್ಲಿ ಹೆಚ್ಚಿನವರೂ ಸೇನೆಯಿಂದ ಬಂದವರೇ. ಜನರಿಂದ ಆಯ್ಕೆಯಾದ ಸಭೆ ಇಲ್ಲ, ಪ್ರಶ್ನೆ ಕೇಳುವವರಿಲ್ಲ.

ಕಬ್ಬನ್ ಒಳ್ಳೆಯ ಕೆಲಸ ಮಾಡಲಿಲ್ಲವೇ ಎಂದು ನೀವು ಕೇಳಬಹುದು. ಮಾಡಿದರು. ಷರತ್ತಿನ ಪದ್ಧತಿ ಹೋಯಿತು, ಸುಂಕಗಳು ಹೋದವು, ರಸ್ತೆಗಳಾದವು. ಆದರೆ ಅದು ಒಬ್ಬ ಮನುಷ್ಯನ ಗುಣದ ಮೇಲೆ ನಿಂತದ್ದು. ಅದೇ ಕಾಲದಲ್ಲಿ, ಅದೇ ಕಂಪನಿಯ ಮದ್ರಾಸ್ ಸೀಮೆಯಲ್ಲಿ ಕಂದಾಯಕ್ಕಾಗಿ ರೈತರನ್ನು ಬಿಸಿಲಿನಲ್ಲಿ ಬೆನ್ನ ಮೇಲೆ ಕಲ್ಲು ಹೇರಿ ನಿಲ್ಲಿಸುತ್ತಿದ್ದರು, ತಲೆಯನ್ನು ಕಾಲಿಗೆ ಬಗ್ಗಿಸಿ ಕಟ್ಟುತ್ತಿದ್ದರು, ಬೆರಳುಗಳನ್ನು ಮರದ ಇಕ್ಕಳದಲ್ಲಿ ಹಿಸುಕುತ್ತಿದ್ದರು. ಇದನ್ನು 1855ರಲ್ಲಿ ಸರ್ಕಾರವೇ ನೇಮಿಸಿದ ಆಯೋಗ ಒಪ್ಪಿಕೊಂಡಿತು. ಒಳ್ಳೆಯ ಅಧಿಕಾರಿ ಸಿಕ್ಕರೆ ಬದುಕು, ಕೆಟ್ಟವನು ಸಿಕ್ಕರೆ ಕಲ್ಲು. ಅದೃಷ್ಟದ ಮೇಲೆ ನಿಂತ ನ್ಯಾಯವನ್ನು ನ್ಯಾಯ ಎನ್ನಲಾಗುವುದಿಲ್ಲ.

ಕಡೂರಿಗೂ ಈ ಕಾಲದ ಗುರುತು ಅಂಟಿದೆ. 1863ರಲ್ಲಿ ನಗರ ವಿಭಾಗದೊಳಗೆ ಕಡೂರು ಜಿಲ್ಲೆ ಎಂದು ಮಾಡಿದರು. ಎರಡು ವರ್ಷದಲ್ಲಿ ಕಚೇರಿ ಚಿಕ್ಕಮಗಳೂರಿಗೆ ಹೋಯಿತು, ಆದರೆ ಸ್ವಾತಂತ್ರ್ಯ ಬರುವವರೆಗೂ ಜಿಲ್ಲೆಯ ಹೆಸರು ಕಡೂರು ಎಂದೇ ಇತ್ತು. ಹಳೆಯ ಪತ್ರಗಳಲ್ಲಿ "ಕಡೂರು ಜಿಲ್ಲೆ, ತರೀಕೆರೆ ತಾಲ್ಲೂಕು" ಎಂದು ಕಂಡರೆ ಆಶ್ಚರ್ಯಪಡಬೇಡಿ. ನಿಮ್ಮ ಮನೆಯ ಟ್ರಂಕಿನಲ್ಲಿ ಹುಡುಕಿದರೆ ಅಂಥದ್ದೊಂದು ಸಿಕ್ಕರೂ ಸಿಗಬಹುದು.

ಐವತ್ತೊಂದು ವರ್ಷ

ಕೊನೆಗೆ ಒಂದು ಲೆಕ್ಕ. ರೈತರು ಕೂಟ ಸೇರಿ ನಮ್ಮ ಮಾತು ಕೇಳಿ ಎಂದದ್ದು 1830ರಲ್ಲಿ. ಮೈಸೂರು ಒಡೆಯರಿಗೆ ಮರಳಿದ್ದು 1881ರ ಮಾರ್ಚ್ 25ರಂದು. ಅದೇ ವರ್ಷದ ದಸರೆಯಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. 144 ಮಂದಿ ಬಂದರು. ಅವರು ಚುನಾಯಿತರಲ್ಲ, ಹೆಚ್ಚಿನವರು ಜಮೀನುದಾರರು, ವರ್ತಕರು. ಸಭೆಗೆ ಕಾನೂನು ಮಾಡುವ ಅಧಿಕಾರವೂ ಇರಲಿಲ್ಲ. ಸರ್ಕಾರ ವರ್ಷದ ಲೆಕ್ಕ ಹೇಳುತ್ತಿತ್ತು, ಬಂದವರು ತಮ್ಮ ಸೀಮೆಯ ಕಷ್ಟ ಹೇಳುತ್ತಿದ್ದರು. ಅಷ್ಟೆ.

ಆದರೆ ಆ ಅಷ್ಟೇ ಅಲ್ಲವೇ ಕೂಟ ಕೇಳಿದ್ದು? ಐವತ್ತೊಂದು ವರ್ಷ, ಹೊಳೆಹೊನ್ನೂರಿನ ಹೆಣಗಳು, ತರೀಕೆರೆ ನಾಯಕನ ಗಲ್ಲು, ಒಂದು ರಾಜ್ಯದ ಸ್ವಾತಂತ್ರ್ಯ, ಇಷ್ಟೆಲ್ಲ ಹೋಯಿತು. ಮೊದಲ ದಿನವೇ ಒಬ್ಬ ಅಧಿಕಾರಿ ಜಮಖಾನೆ ಹಾಸಿ ಕೂತು ರೈತರ ಮಾತು ಬರೆದುಕೊಂಡಿದ್ದರೆ ಅದರಲ್ಲಿ ಎಷ್ಟು ಉಳಿಯುತ್ತಿತ್ತೋ. ಜಕಾರ್ತದ ವಿದ್ಯಾರ್ಥಿಗಳೂ ಢಾಕಾದ ವಿದ್ಯಾರ್ಥಿಗಳೂ ಕೇಳಿದ್ದು ಬೇರೇನಲ್ಲ.

ಇಂದು ನಮಗೆ ಆ ಜಾಗಗಳು ಇವೆ. ಗ್ರಾಮಸಭೆ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಕಚೇರಿಯ ಕಡತದಲ್ಲಿ ಏನಿದೆ ಎಂದು ಯಾರು ಬೇಕಾದರೂ ಬರೆದು ಕೇಳಬಹುದು. 18 ತುಂಬಿದರೆ ಮತ ಇದೆ. ನಿಮ್ಮಲ್ಲಿ ಅರ್ಧ ಮಂದಿಗೆ ಮುಂದಿನ ವರ್ಷದೊಳಗೆ ಅದು ಸಿಗುತ್ತದೆ. ನಮ್ಮಪ್ಪನಿಗೆ ಎಂಟನೇ ಸಲ ಜೇಬಿಗೆ ಹಣ ಹಾಕಿಕೊಳ್ಳುವುದಕ್ಕಿಂತ ಬೇರೆ ದಾರಿ ಗೊತ್ತಿರಲಿಲ್ಲ. ನಿಮಗೆ ಗೊತ್ತಿದೆ. ನಿಮ್ಮ ಊರಿನ ಮುಂದಿನ ಗ್ರಾಮಸಭೆ ಯಾವತ್ತು ಎಂದು ವಿಚಾರಿಸಿ, ಒಮ್ಮೆ ಹೋಗಿ ಕೂತು ಬನ್ನಿ. ಅಲ್ಲಿ ನಡೆದದ್ದನ್ನು ಒಂದು ಪುಟದಲ್ಲಿ ಬರೆದು ತಂದರೆ ಮುಂದಿನ ಸಂಚಿಕೆಯಲ್ಲಿ ಹಾಕೋಣ.

ಅಜ್ಜಂಪುರದ ಬಸ್ಸಿನಲ್ಲಿ ಬರುವ ಹುಡುಗಿಗೆ ಇನ್ನೊಂದು ಮಾತು. ಒಳ್ಳೆಯ ಪ್ರಶ್ನೆ ಕೇಳಿದೆಯಮ್ಮ. ಬೆಲ್ ಹೊಡೆದರೂ ಕೇಳುವುದನ್ನು ನಿಲ್ಲಿಸಬೇಡ.